ಡಿಪ್ರೆಶನ್ ಇರುವಾಗ ಪರೀಕ್ಷೆಗೆ ಓದುವುದು ಹೇಗೆ?

ನಿಮ್ಮ ಪತ್ರ ಓದಿದೆ. ಸೋಮವಾರಪೇಟೆ ಕಡೆಯವರು, ಮಡಿಕೇರಿಯ ಪಿ.ಜಿ.ಯಲ್ಲಿದ್ದು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೀರಿ. ಒಂದೂವರೆ ತಿಂಗಳಿಂದ ಒಂದು ಪುಟವೂ ತಲೆಗೆ ಹೋಗುತ್ತಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಪರೀಕ್ಷೆಗೆ ಐದು ವಾರ. ‘ಮನಸ್ಸು ಸರಿಹೋದ ಮೇಲೆ ಓದ್ತೀನಿ’ ಅಂತ ಬರೆದಿದ್ದೀರಲ್ಲ, ನನ್ನ ತಕರಾರು ಆ ಮಾತಿನ ಮೇಲೇ.

ಈ ಕಾಯಿಲೆಯಲ್ಲಿ ಮನಸ್ಸು ತಾನಾಗಿ ಬರುವುದಿಲ್ಲ. ಕಾಯುತ್ತಾ ಕೂತರೆ ಪಾಠ ಬಾಕಿ ಬೀಳುತ್ತದೆ, ಬಾಕಿ ನೋಡಿ ಇನ್ನಷ್ಟು ಕುಗ್ಗುತ್ತೀರಿ. ಗಡಿಯಾರ ನೋಡಿ ಕೂರಿ. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ. ಅಲಾರಂ ಹೊಡೆದರೆ ಓದು ಚೆನ್ನಾಗಿ ಸಾಗುತ್ತಿದ್ದರೂ ಏಳಿ. ಮೊದಲ ದಿನ ಹುರುಪಿನಲ್ಲಿ 4 ಗಂಟೆ ಕೂತವರು ಮೂರನೇ ದಿನ ಪುಸ್ತಕ ಮುಟ್ಟುವುದಿಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ 5 ನಿಮಿಷ ಏರಿಸಿ, 25ಕ್ಕೆ ನಿಲ್ಲಿಸಿ, ಆಮೇಲೆ ದಿನಕ್ಕೆ ಎಷ್ಟು ಸಲ ಎನ್ನುವುದನ್ನು ಹೆಚ್ಚಿಸಿ.

ಗಮನ, ನೆನಪು ಎರಡೂ ಈಗ ಕುಂದಿರುತ್ತವೆ. ಸುಮ್ಮನೆ ಓದಿದ್ದು ನಿಲ್ಲುವುದಿಲ್ಲ, ಕೈಯಲ್ಲಿ ಬರೆದದ್ದು ಅಷ್ಟಿಷ್ಟು ಉಳಿಯುತ್ತದೆ. ಹಾಗಾಗಿ ಹಳೇ ಪ್ರಶ್ನೆಪತ್ರಿಕೆ ಹಿಡಿಯಿರಿ, ಅದರಲ್ಲೂ ಲೆಕ್ಕದ ಪೇಪರಿನಿಂದ ಶುರು ಮಾಡಿ. ಕಾಸ್ಟ್ ಶೀಟ್ (ತಯಾರಿಕೆಯ ಖರ್ಚಿನ ಲೆಕ್ಕಪಟ್ಟಿ) ತರಹದವಕ್ಕೆ ಬಾಯಿಪಾಠ ಬೇಡ, ಉತ್ತರ ತಪ್ಪಿದರೂ ಹಂತಕ್ಕೆ ಅಂಕ ಸಿಗುತ್ತದೆ. ಎಲ್ಲ ಪೇಪರ್ ಆಗದಿದ್ದರೆ ಒಂದೆರಡನ್ನು ಬಿಡಿ. ಬ್ಯಾಕ್‌ಲಾಗ್ ಆಮೇಲೆ ಕಟ್ಟಿಕೊಳ್ಳಬಹುದು.

ನಮ್ಮ ಮಳೆಗಾಲ ಇದಕ್ಕೆ ಶತ್ರು. ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆ ಒಣಗುವುದಿಲ್ಲ, ಕಂಬಳಿ ಬಿಟ್ಟು ಏಳಲು ಕಾರಣವೇ ಸಿಗುವುದಿಲ್ಲ. ಆದರೆ ಮೋಡ ಕವಿದ ಹಗಲಿನ ಬೆಳಕೂ ಕೋಣೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಎದ್ದ ಒಂದು ಗಂಟೆಯೊಳಗೆ ಕೊಡೆ ಹಿಡಿದು 20 ನಿಮಿಷ ನಡೆಯಿರಿ. ರಾತ್ರಿ ನಿದ್ದೆ ಹೇಗಿದ್ದರೂ ಏಳುವ ಹೊತ್ತು ಒಂದೇ ಇರಲಿ. ಕೊನೇ ಕಾಪಿ ಮಧ್ಯಾಹ್ನ 2ರೊಳಗೆ (ಬೆಲ್ಲದ ಕಾಪಿಯಾದರೂ ಅಷ್ಟೇ, ಐದಾರು ಗಂಟೆ ಕಳೆದರೂ ಕೆಫೀನ್ ಅರ್ಧ ಉಳಿದಿರುತ್ತದೆ). ‘ಒಂದು ಪೆಗ್ ಹಾಕು, ನಿದ್ದೆ ಬರ್ತದೆ’ ಅನ್ನುವ ನೆಂಟರು ಎಲ್ಲ ಮನೆಯಲ್ಲೂ ಇದ್ದಾರೆ. ಬೇಡ. ಕುಡಿದ ನಿದ್ದೆ ನಡುರಾತ್ರಿ ಒಡೆಯುತ್ತದೆ, ಮರುದಿನ ಕುಗ್ಗು ಜಾಸ್ತಿ.

ಇಂಥ ಕುಗ್ಗು ಎರಡು ವಾರ ದಾಟಿದರೆ ಡಾಕ್ಟರನ್ನು ನೋಡಲೇಬೇಕು, ನಿಮಗೆ ಒಂದೂವರೆ ತಿಂಗಳಾಗಿದೆ. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಸಾಲಿನಲ್ಲಿ ಯಾರಾದರೂ ಗುರುತು ಹಿಡಿದು ಮನೆ ಹೆಸರು ಕೇಳುತ್ತಾರೆ ಅನ್ನುವ ಭಯವಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 24 ಗಂಟೆ, ಉಚಿತ, ಕನ್ನಡದಲ್ಲೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ವೈದ್ಯರ ಹೊಣೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಬೇಕೇ ಎಂದೂ ಕೇಳಿ. ಇವು ಕಡಿಮೆಯಾದರೂ ಇದೇ ಸುಸ್ತು, ಇದೇ ಮಂಕು.

ಮಾತ್ರೆ ಕೊಟ್ಟರೆ ಜನ ಎಡವುವುದು ಎರಡು ಕಡೆ. ಮೊದಲ ವಾರ ವಾಕರಿಕೆ, ತಲೆನೋವು ಬರಬಹುದು, ಗುಣ ಕಾಣಲು 2ರಿಂದ 4 ವಾರ ಬೇಕು. ಈ ನಡುವೆಯೇ ‘ನನಗೆ ಆಗಲಿಲ್ಲ’ ಎಂದು ಬಿಡುತ್ತಾರೆ. ಇನ್ನು ಕೆಲವರು ಹುಷಾರಾದ ಕೂಡಲೇ ನಿಲ್ಲಿಸುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. 25ರೊಳಗಿನವರಿಗೆ ಮೊದಲ ವಾರಗಳಲ್ಲಿ ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಾದರೆ ಅದೇ ದಿನ ತಿಳಿಸಿ.

ಅಂಥ ಯೋಚನೆ ಈಗಲೇ ಇದ್ದರೆ ಓದು ಬದಿಗಿರಲಿ. ಒಬ್ಬರೇ ಇರಬೇಡಿ, ಅಮ್ಮನಿಗೋ ಅಣ್ಣನಿಗೋ ಇವತ್ತೇ ಹೇಳಿ, 14416 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮನೆಯಲ್ಲಿ ಕೋವಿ, ತೋಟಕ್ಕೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿ ಕೀ ತಮ್ಮ ಬಳಿ ಇಟ್ಟುಕೊಳ್ಳಲು ಅವರಿಗೆ ಹೇಳಿ. ಕೆಲವೊಮ್ಮೆ ಆ ಯೋಚನೆಯ ಜೋರು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಅವು ಕೈಗೆ ಸಿಗಬಾರದು.

ಹಾಜರಿ ಕಡಿಮೆಯಾಗಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಮೊದಲ ಭೇಟಿಯಲ್ಲೇ ಕೇಳಿ, ಹಾಲ್ ಟಿಕೆಟ್ ತಡೆದ ಮೇಲಲ್ಲ. ಅದರಲ್ಲಿ ಕಾಯಿಲೆಯ ಹೆಸರು ಬರುವುದು ಬೇಡವಾಗಿದ್ದರೆ ಅದನ್ನೂ ಆಗಲೇ ಹೇಳಿ.