ಕೈಗೆ ಹಾಕಿದ ಕಾಲುಚೀಲ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಪೀಣ್ಯ ಕಡೆಯಿಂದ ಎರಡು ಬಸ್ ಹತ್ತಿ ನಮ್ಮ ಆಸ್ಪತ್ರೆಗೆ ಬಂದಿದ್ದರು. ತಾಯಿಯ ತೊಡೆ ಮೇಲೆ ನಾಲ್ಕು ವರ್ಷದ ಮಗ. ತಾನಾಗಿ ಕೂರಲು ಅವನಿಗೆ ಆಗುವುದಿಲ್ಲ. ಎರಡೂ ಕೈಗೆ ದಪ್ಪ ಕಾಲುಚೀಲ ಹಾಕಿ ಮಣಿಕಟ್ಟಿಗೆ ದಾರ ಕಟ್ಟಿದ್ದರು. ಕೆಳತುಟಿಯ ಒಂದು ಬದಿಯನ್ನು ಅವನೇ ಕಚ್ಚಿ ತೆಗೆದಿದ್ದ.

ಅಜ್ಜಿ "ಪಾಪ, ಸೆಕೆ" ಎಂದು ಒಂದು ಚೀಲ ಬಿಚ್ಚಿದರು. ಹುಡುಗ ಹೆದರಿ ಕಿರುಚಿದ. ಬಿಚ್ಚಿದ ಕೈಯನ್ನೇ ಅಮ್ಮನ ಕಡೆ ಚಾಚಿ ತೊದಲುತ್ತಾ "ಕಟ್ಟು, ಕಟ್ಟು" ಎಂದ. ಕಟ್ಟಿದ ಮೇಲೆ ನಕ್ಕ.

ಹಿಂದೆ ಒಂದು ಕಡೆ ಹಠ ಎಂದಿದ್ದರಂತೆ. ಹೊಡೆದೂ ನೋಡಿದ್ದಾರೆ. ಇದು ಹಠ ಅಲ್ಲ, ಲೆಶ್-ನೈಹಾನ್ ಕಾಯಿಲೆ ಎಂದು ಮೊದಲು ಹೇಳಿದೆ. ನೋವು ಅವನಿಗೂ ಗೊತ್ತಾಗುತ್ತದೆ, ಆದರೆ ಕೈ ತಡೆಯಲು ಆಗುವುದಿಲ್ಲ. ಅದಕ್ಕೇ ಕಟ್ಟಿಸಿಕೊಂಡರೆ ಅವನಿಗೆ ನೆಮ್ಮದಿ. ಹೊಡೆದರೆ, ಗದರಿದರೆ ಕಚ್ಚುವುದು ಜಾಸ್ತಿಯಾಗುತ್ತದೆ.

ರಾತ್ರಿಯ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗುತ್ತದೆ, ಅಲ್ವಾ? ನಮ್ಮ ಜೀವಕೋಶವೂ ಡಿಎನ್‌ಎ ಕಟ್ಟಲು ಬೇಕಾದ ಪ್ಯೂರಿನ್ ಎಂಬ ಸಾಮಗ್ರಿ ಮಿಕ್ಕರೆ ಎಸೆಯದೆ ಮತ್ತೆ ಬಳಸುತ್ತದೆ. ಆ ಕೆಲಸ ಮಾಡುವುದು ಎಚ್‌ಪಿಆರ್‌ಟಿ ಎಂಬ ಕಿಣ್ವ. ಅದಿಲ್ಲದಿದ್ದರೆ ಮಿಕ್ಕದ್ದೆಲ್ಲ ಯೂರಿಕ್ ಆಮ್ಲವಾಗಿ ಮೂತ್ರಕ್ಕೆ ಸೇರಿ ಹರಳುಗಟ್ಟುತ್ತದೆ. ಇಷ್ಟು ಹೇಳುತ್ತಿದ್ದಂತೆ ತಾಯಿ ತಲೆ ಎತ್ತಿದರು. "ಹಸುಗೂಸಿದ್ದಾಗ ಲಂಗೋಟಿಯಲ್ಲಿ ಕಿತ್ತಳೆ ಬಣ್ಣದ ಮರಳು ಇರ್ತಿತ್ತು. ಕುಂಕುಮ ಅಂದ್ಕೊಂಡಿದ್ದೆ."

ಕಾಯಿಲೆಯನ್ನು ಲೆಶ್ ಮತ್ತು ನೈಹಾನ್ ವಿವರಿಸಿದ್ದು 1964ರಲ್ಲಿ. ಈ ಕಿಣ್ವದ ಕೊರತೆಯೇ ಕಾರಣ ಎಂದು ಗೊತ್ತಾಗಿದ್ದು 1967ರಲ್ಲಿ. ಅಲೊಪ್ಯುರಿನಾಲ್ ಮಾತ್ರೆ, ಜಾಸ್ತಿ ನೀರು ಕಿಡ್ನಿಯನ್ನು ಕಾಪಾಡುತ್ತವೆ. ಕಚ್ಚುವುದು ಅದರಿಂದ ನಿಲ್ಲುವುದಿಲ್ಲ. ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿರಲಿಲ್ಲ.

ತಾಯಿಯ ಕೈಯಲ್ಲಿ ಹಳೆಯ ರಿಪೋರ್ಟ್ ಒಂದಿತ್ತು. ಅವರ ರಕ್ತದಲ್ಲಿ ಕಿಣ್ವ ನಾರ್ಮಲ್. "ನಂದೇನೂ ಇಲ್ಲ, ಹಾಗಾದರೆ ತಂಗಿಗೆ ಯಾಕೆ ಹೇಳ್ಬೇಕು?" ತಂಗಿ ಎರಡು ತಿಂಗಳ ಗರ್ಭಿಣಿ. ಗಂಡನ ಮನೆಯವರು ಏನಂತಾರೋ ಎಂಬ ಭಯ.

ಈ ರಿಪೋರ್ಟ್ ಎಷ್ಟೋ ಮನೆಗಳ ದಾರಿ ತಪ್ಪಿಸಬಲ್ಲದು. ಈ ಕಿಣ್ವದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್, ಕೆಲಸ ಮಾಡುವುದು ಒಂದೇ. ಹೀಗಾಗಿ ವಾಹಕ ತಾಯಿಯ, ಅಂದರೆ ಒಂದು ಎಕ್ಸ್‌ನಲ್ಲಿ ಕೆಟ್ಟ ಜೀನ್ ಇದ್ದೂ ತನಗೆ ಕಾಯಿಲೆ ಇಲ್ಲದ ತಾಯಿಯ, ಚರ್ಮದಲ್ಲಿ ಕಿಣ್ವ ಇರುವ ಕೋಶ, ಇಲ್ಲದ ಕೋಶ ಎರಡೂ ಸಿಗುತ್ತವೆ. ಲ್ಯಾಬಿನಲ್ಲಿ ಇವನ್ನು ಬೇರೆ ಮಾಡಲು ಕೋಶ ಬೆಳೆಸುವ ತಟ್ಟೆಗೆ ಥಯೋಗ್ವಾನಿನ್ ಎಂಬ, ಪ್ಯೂರಿನ್‌ನಂತೆಯೇ ಇರುವ ವಿಷ ಹಾಕುತ್ತಾರೆ. ಕಿಣ್ವ ಇರುವ ಕೋಶ ಅದನ್ನು ಬಳಸಿಕೊಂಡು ಸಾಯುತ್ತದೆ, ಇಲ್ಲದ್ದು ಉಳಿಯುತ್ತದೆ.  ರಕ್ತದಲ್ಲಿ ಮಾತ್ರ ಕಿಣ್ವ ಇಲ್ಲದ ಕೋಶಗಳು ಹಿಂದೆ ಬೀಳುತ್ತವೆ. ಅದಕ್ಕೇ ವಾಹಕರಾಗಿದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಡಿಎನ್‌ಎಯಲ್ಲಿ ಎರಡೂ ಎಕ್ಸ್ ಇರುವುದರಿಂದ ಜೀನ್ ಪರೀಕ್ಷೆಯೇ ಆಗಬೇಕು.

ಮೊದಲು ಮಗುವಿನ ಜೀನಿನಲ್ಲಿ ಬದಲಾವಣೆ ಎಲ್ಲಿದೆ ಎಂದು ಹುಡುಕಿ, ಆಮೇಲೆ ತಾಯಿ, ತಂಗಿಯಲ್ಲಿ ಅದನ್ನೇ ನೋಡೋಣ ಎಂದೆ. ತಾಯಿಯಲ್ಲಿ ಅದು ಸಿಗದೆಯೂ ಇರಬಹುದು. ಬದಲಾವಣೆ ಹೊಸದಾಗಿಯೂ ಹುಟ್ಟುತ್ತದೆ. ವಾಹಕರಾಗಿದ್ದರೆ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಅಪಾಯ. ಅದರಲ್ಲಿ ಯಾರ ತಪ್ಪೂ ಇಲ್ಲ. ಗರ್ಭದ ಪರೀಕ್ಷೆಯನ್ನು 11ನೇ ವಾರದಿಂದ ಮಾಡಬಹುದು, ಆದ್ದರಿಂದ ಹೇಳುವುದಾದರೆ ಇವತ್ತೇ ಹೇಳಿ ಎಂದೆ. ಗಂಡನ ಮನೆಗೆ ಏನು ಹೇಳಬೇಕೆನ್ನುವುದನ್ನು ತಂಗಿಯೇ ತೀರ್ಮಾನಿಸಲಿ. ವಿಷಯ ಗೊತ್ತಿಲ್ಲದೆ ಅವರು ತೀರ್ಮಾನಿಸುವುದಾದರೂ ಹೇಗೆ?

ಮರುವಾರ ತಂಗಿ, ಅವರ ಗಂಡ ಬಂದರು. ಅಷ್ಟರಲ್ಲಿ ಹುಡುಗನ ಮೊಣಕೈಗೆ ಮೆತ್ತನೆಯ ಪಟ್ಟಿ ಕಟ್ಟಿಸಿದ್ದೆವು. ಕೈ ಬಾಯಿಗೆ ಮುಟ್ಟುವುದಿಲ್ಲ, ಬೆರಳು ಆಟಕ್ಕೆ ಸಿಗುತ್ತದೆ. ಗಂಡ ಕೇಳಿದ ಮೊದಲ ಪ್ರಶ್ನೆ, "ಹೆಣ್ಣಾದರೆ ತೊಂದರೆ ಇಲ್ವಲ್ಲ, ಯಾವುದು ಅಂತ ಹೇಳ್ತೀರಾ?" ಭಯದಲ್ಲಿ ಕೇಳಿದ್ದರು. ಲಿಂಗ ಹೇಳುವಂತಿಲ್ಲ, ಕಾಯಿಲೆ ಇದೆಯೇ ಎಂದು ನೋಂದಾಯಿತ ಕೇಂದ್ರದಲ್ಲಿ ನೋಡಲು ಕಾನೂನಿನ ಅಡ್ಡಿ ಇಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, ಹೆಂಡತಿಯ ಬಟ್ಟೆಯ ತೋಳನ್ನು ತಾವೇ ಮಡಚಿ, ರಕ್ತ ತೆಗೆಯಲು ಅವರ ಕೈಯನ್ನು ಮುಂದಿಟ್ಟರು.