ಡೊಂಬಿವಲಿಯ ಮನೆಯಲ್ಲಿ ರಾತ್ರಿ ಹೊತ್ತೇ ವೈಫೈ ಕೈಕೊಡುತ್ತದೆ, ರೂಟರ್ ಬದಲಿಸಬೇಕೇ?

ಹೊಸ ರೂಟರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದರೆ ಸದ್ಯಕ್ಕೆ ಕೊಡಬೇಡಿ. ನೀವು ಬರೆದದ್ದು ಇಷ್ಟು: ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಹಳೆಯ ಬಿಲ್ಡಿಂಗಿನಲ್ಲಿ ಒನ್ ಬಿಎಚ್‌ಕೆ, ಫೈಬರ್ ಲೈನ್, 100 ಎಂಬಿಪಿಎಸ್ ಪ್ಲ್ಯಾನ್. ರೂಟರ್ ಇರುವುದು ಬಾಗಿಲ ಪಕ್ಕದ ಶೂ ರ್ಯಾಕ್ ಮೇಲೆ. ಬೆಳಿಗ್ಗೆ ಎಲ್ಲ ಸರಿ, ರಾತ್ರಿ ಎಂಟು ದಾಟಿದರೆ ಬೆಡ್‌ರೂಮಿನಲ್ಲಿ ಕೂತು ಕೆಲಸ ಮಾಡುವ ನಿಮ್ಮ ಮನೆಯವರ ಆಫೀಸ್ ಕಾಲ್ ಕಡಿದು ಕಡಿದು ಬರುತ್ತದೆ, ಆದರೆ ವೈಫೈ ಗೆರೆಗಳು ಮಾತ್ರ ತುಂಬಿಯೇ ಇರುತ್ತವೆ. ಕೇಬಲ್‌ನವರು ‘ನಮ್ಮ ಕಡೆಯಿಂದ ಓಕೆ’ ಅನ್ನುತ್ತಾರೆ, ಅಂಗಡಿಯವರು ‘ರೂಟರ್ ಹಳತಾಯ್ತು’ ಅನ್ನುತ್ತಾರೆ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ. ಪಕ್ಕದ ಮನೆಯವರು ನಿಮ್ಮ ವೈಫೈ ಬಳಸುತ್ತಿರಬಹುದೇ ಎಂಬ ಅನುಮಾನವೂ ಇದೆ.

ಥಾಣೆಯಿಂದ ಕಲ್ಯಾಣದವರೆಗೆ ಮನೆ, ಅಂಗಡಿ, ನಮ್ಮ ಊರ ಕಡೆಯವರ ಹೋಟೆಲುಗಳಿಗೆ ನೆಟ್‌ವರ್ಕ್ ಮತ್ತು ಸಿಸಿಟಿವಿ ಹಾಕಿಕೊಡುವುದೇ ನನ್ನ ಕೆಲಸ. ಹೋದಲ್ಲೆಲ್ಲ ನಾನು ಮೊದಲು ಹೇಳುವ ಮಾತು ಒಂದೇ: ನೆಟ್ ನಿಂತ ಕೂಡಲೇ ಸ್ವಿಚ್ಚಿಗೆ ಕೈ ಹಾಕಬೇಡಿ. ಸ್ವಿಚ್ ಆರಿಸಿದರೆ ತೊಂದರೆ ಎಲ್ಲಿತ್ತು ಎಂಬ ಗುರುತೂ ಅಳಿಸಿಹೋಗುತ್ತದೆ. ತೊಂದರೆ ನಡೆಯುತ್ತಿರುವಾಗಲೇ ಎರಡು ನಿಮಿಷ ನೋಡಬೇಕು. ರೀಸ್ಟಾರ್ಟ್ ಮಾಡಿದಾಗ ಸರಿಹೋಗುತ್ತದೆ ಎಂದ ಮಾತ್ರಕ್ಕೆ ರೂಟರ್ ಕೆಟ್ಟಿದೆ ಎಂದೂ ಅಲ್ಲ. ಚಾನೆಲ್, ಅಂದರೆ ವೈಫೈ ಮಾತಾಡುವ ರೇಡಿಯೊ ದಾರಿ, ‘ಆಟೋ’ದಲ್ಲಿದ್ದರೆ ಬಹಳಷ್ಟು ರೂಟರ್‌ಗಳು ಶುರುವಾಗುವಾಗ ಸುತ್ತಮುತ್ತ ನೋಡಿ, ಆ ಹೊತ್ತಿಗೆ ಖಾಲಿ ಕಂಡ ಚಾನೆಲ್ ಹಿಡಿಯುತ್ತವೆ. ಅರ್ಧ ಗಂಟೆಯಲ್ಲಿ ಅಲ್ಲೂ ಗದ್ದಲ ಶುರುವಾದರೆ ನಿಮಗೆ ಮತ್ತೆ ಅದೇ ತಾಪತ್ರಯ.

ಗೆರೆಗಳ ವಿಷಯ ಹೇಳಿಬಿಡುತ್ತೇನೆ. ಆ ಗೆರೆಗಳು ತೋರಿಸುವುದು ರೂಟರಿನ ರೇಡಿಯೊ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ. ರೂಟರಿನಿಂದ ಆಚೆ ಇಂಟರ್ನೆಟ್ ಇದೆಯೋ ಇಲ್ಲವೋ, ಅದೇ ಚಾನೆಲ್‌ನಲ್ಲಿ ಇನ್ನೆಷ್ಟು ಮನೆಗಳ ಗಲಾಟೆ ಇದೆಯೋ, ಅದು ಗೆರೆಗಳಲ್ಲಿ ಕಾಣುವುದಿಲ್ಲ.

ಈಗ ಪರೀಕ್ಷೆಗೆ ಬನ್ನಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸಿಎಂಡಿ (cmd, ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಎಂದು ಕೊಡಿ. ‘ಡಿಫಾಲ್ಟ್ ಗೇಟ್‌ವೇ’ ಎದುರು ಒಂದು ವಿಳಾಸ ಬರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದೇ ನಿಮ್ಮ ರೂಟರ್. ಇನ್ನು ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಪಿಂಗ್ (ping, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವ ಆಜ್ಞೆ), ಜಾಗ ಬಿಟ್ಟು ರೂಟರಿನ ವಿಳಾಸ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ‘ಟಿ’ (-t). ಇನ್ನೊಂದರಲ್ಲಿ ಹಾಗೆಯೇ 8.8.8.8ಕ್ಕೆ, ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್, ಅಂದರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಹೊರಗಿನ ಕಂಪ್ಯೂಟರ್. ಎರಡೂ ನಿಲ್ಲದೆ ಓಡುತ್ತಿರಲಿ. ಇದನ್ನು ರಾತ್ರಿ ಎಂಟರ ನಂತರ, ನಿಮ್ಮ ಮನೆಯವರು ಕೂರುವ ಜಾಗದಲ್ಲೇ ಮಾಡಬೇಕು. ಆಫೀಸಿನ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಆಫೀಸಿಗೆ ಹೋಗುವ ಖಾಸಗಿ ಸಂಪರ್ಕ) ಬಿಡಿಸಿ ಮಾಡಿ, ಇಲ್ಲದಿದ್ದರೆ ಲೆಕ್ಕ ಆಫೀಸಿನ ದಾರಿ ಸುತ್ತಿಕೊಂಡು ಬರುತ್ತದೆ.

ರೂಟರಿನ ಕಿಟಕಿಯಲ್ಲಿ 2, 3, 5 ಮಿಲಿಸೆಕೆಂಡ್ ಬರುತ್ತಿದ್ದರೆ ವೈಫೈ ಆರೋಗ್ಯವಾಗಿದೆ. ಅಲ್ಲೇ 150, 300 ಎಂದು ಹಾರುತ್ತಿದ್ದರೆ, ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬರುತ್ತಿದ್ದರೆ ಕೇಬಲ್‌ನವರನ್ನು ಬೈದು ಪ್ರಯೋಜನವಿಲ್ಲ, ತೊಂದರೆ ನಿಮ್ಮ ಮನೆಯ ಗೋಡೆಗಳ ಒಳಗೇ ಇದೆ. ರೂಟರಿನ ಕಿಟಕಿ ಶಾಂತವಾಗಿದ್ದು 8.8.8.8 ಮಾತ್ರ ತತ್ತರಿಸುತ್ತಿದ್ದರೆ ತೊಂದರೆ ರೂಟರಿನಿಂದ ಆಚೆಗಿದೆ. ಖಚಿತ ಮಾಡಿಕೊಳ್ಳಲು ಲ್ಯಾಪ್‌ಟಾಪಿನ ವೈಫೈ ಬಂದ್ ಮಾಡಿ, ಲ್ಯಾನ್ ಕೇಬಲನ್ನು ನೇರ ರೂಟರಿಗೆ ಚುಚ್ಚಿ ಇನ್ನೊಮ್ಮೆ ನೋಡಿ. ಬರೀ ಸ್ಪೀಡ್ ಟೆಸ್ಟ್ ನೆಚ್ಚಿಕೊಳ್ಳಬೇಡಿ. ಸ್ಪೀಡ್ 90 ತೋರಿಸಿಯೂ ಕಾಲ್ ಕಡಿಯಬಹುದು, ಏಕೆಂದರೆ ಕಾಲ್‌ಗೆ ಬೇಕಾಗಿರುವುದು ದೊಡ್ಡ ಸ್ಪೀಡ್ ಅಲ್ಲ, ತಡವಿಲ್ಲದೆ ಒಂದೇ ಸಮನೆ ಬರುವ ಸಂಪರ್ಕ.

ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅಂದಾಜು ವೈಫೈ ಕಡೆಗೇ ವಾಲುತ್ತದೆ, ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ. ಡೊಂಬಿವಲಿಯಲ್ಲಿ ಒಂದು ಬಿಲ್ಡಿಂಗಿನ ಕಿಟಕಿಯಿಂದ ಇನ್ನೊಂದರ ಕಿಟಕಿಗೆ ಸಾಮಾನು ಕೊಡಬಹುದು, ಅಷ್ಟು ಹತ್ತಿರ. ಫೋನಿನಲ್ಲಿ ವೈಫೈ ಪಟ್ಟಿ ತೆಗೆದರೆ ಇಪ್ಪತ್ತು ಮೂವತ್ತು ಹೆಸರು ಬರುತ್ತವೆ. ಹಗಲು ಎಲ್ಲರೂ ಸಿಎಸ್‌ಎಂಟಿ, ದಾದರ್, ಅಂಧೇರಿ ಕಡೆ ಕೆಲಸಕ್ಕೆ ಹೋಗಿರುತ್ತಾರೆ. ರಾತ್ರಿ ಎಂಟಕ್ಕೆ ಎಲ್ಲರೂ ಮನೆಯಲ್ಲಿ, ಎಲ್ಲರ ಟಿವಿಯೂ ಫೋನೂ ವೈಫೈ ಮೇಲೆ. ಸಂಜೆಯ ಫಾಸ್ಟ್ ಲೋಕಲ್ ರೈಲಿನ ಡಬ್ಬಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಎದುರಿಗಿದ್ದವರ ಮಾತೂ ಕಿವಿಗೆ ಬೀಳದು, ವೈಫೈ ಬಳಸುವ ರೇಡಿಯೊ ಬ್ಯಾಂಡುಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನ ಗತಿ ಆಗ ಅದೇ. ಆ ಬ್ಯಾಂಡಿನಲ್ಲಿ ನಮ್ಮಲ್ಲಿ 13 ಚಾನೆಲ್‌ಗಳಿದ್ದರೂ ಅವು 5 ಮೆಗಾಹರ್ಟ್ಸ್ ಅಂತರದಲ್ಲಿ ಒತ್ತೊತ್ತಾಗಿವೆ, ವೈಫೈಗೆ ಬೇಕಾದದ್ದು ಸುಮಾರು 20. ಹಾಗಾಗಿ ಒಂದರ ಮೇಲೊಂದು ಬೀಳದೆ ಬಳಸಬಹುದಾದವು 1, 6, 11 ಮೂರೇ. 3 ಅಥವಾ 8 ಹಾಕಿದರೆ ಎರಡೂ ಕಡೆಯವರ ಗದ್ದಲ ನಿಮಗೆ, ನಿಮ್ಮ ಗದ್ದಲ ಅವರಿಗೆ. ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡು ರಾತ್ರಿ ಹೊತ್ತಿನಲ್ಲಿ ಮೂರರಲ್ಲಿ ಯಾವುದು ಕಡಿಮೆ ತುಂಬಿದೆ ನೋಡಿ, ಬ್ರೌಸರಿನಲ್ಲಿ ರೂಟರಿನ ವಿಳಾಸ ಕೊಟ್ಟು ತೆರೆಯುವ ಸೆಟ್ಟಿಂಗ್ ಪುಟದಲ್ಲಿ ಆಟೋ ತೆಗೆದು ಅದನ್ನೇ ಕೂರಿಸಿ. ಚಾನೆಲ್ ಅಗಲ 40 ಇದ್ದರೆ 20ಕ್ಕೆ ಇಳಿಸಿ. ಅಗಲ ಇಳಿಸಿದರೆ ಸ್ಪೀಡ್ ಹೋಗುತ್ತದಲ್ಲ ಎಂದು ಜನ ಹೆದರುತ್ತಾರೆ. ಇಂಥ ಗದ್ದಲದಲ್ಲಿ ಇಳಿಸಿದರೇ ಕೆಲಸ ಸಾಗುತ್ತದೆ.

ಅದಕ್ಕಿಂತಲೂ ಒಳ್ಳೆಯ ದಾರಿ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಒಯ್ಯುವುದು. ಅಲ್ಲಿ ಜಾಗ ಧಾರಾಳ, 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆ ಬ್ಯಾಂಡಿನಲ್ಲಿ ಇನ್ನಷ್ಟು ಪಾಲನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ರೂಟರಿನ ಸೆಟ್ಟಿಂಗಿನಲ್ಲಿ ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ, ಲ್ಯಾಪ್‌ಟಾಪಿನಲ್ಲಿ 5ರದ್ದನ್ನು ಮಾತ್ರ ಉಳಿಸಿ ಇನ್ನೊಂದನ್ನು ‘ಫರ್ಗೆಟ್’ ಮಾಡಿ. ತೊಡಕೆಂದರೆ 5 ಗಿಗಾಹರ್ಟ್ಸ್ ಗೋಡೆ ದಾಟುವಾಗ ಬೇಗ ಸೋಲುತ್ತದೆ.

ಅದಕ್ಕೇ ರೂಟರ್ ಇಟ್ಟ ಜಾಗದ ಬಗ್ಗೆ ನಾನು ಇಷ್ಟು ಪಟ್ಟು ಹಿಡಿಯುವುದು. ನಮ್ಮ ಒನ್ ಬಿಎಚ್‌ಕೆಗಳ ನಕ್ಷೆ ನಿಮಗೂ ಗೊತ್ತು: ಬಾಗಿಲು, ಕಬ್ಬಿಣದ ಸೇಫ್ಟಿ ಡೋರ್, ಹಾಲ್, ಆಮೇಲೆ ಒಂದು ಪ್ಯಾಸೇಜ್, ಅದರ ಪಕ್ಕಕ್ಕೆ ಬಾತ್‌ರೂಮ್, ಕೊನೆಗೆ ಬೆಡ್‌ರೂಮ್. ನೀರು ಬರುವ ಟೈಮ್ ನಂಬಲಾಗದು ಎಂದು ಬಾತ್‌ರೂಮಿನ ಮೇಲಿನ ಲಾಫ್ಟಿನಲ್ಲಿ (ಅಟ್ಟದಲ್ಲಿ) ನೀರಿನ ಟ್ಯಾಂಕ್ ಕೂರಿಸಿರುತ್ತೇವೆ. ಬೆಡ್‌ರೂಮಿನ ಗೋಡೆಗೆ ಒತ್ತಿಕೊಂಡು ಕಬ್ಬಿಣದ ಕಪಾಟು. ವೈಫೈ ಅಲೆಗೆ ನೀರು ಒಂದು ಶತ್ರು, ಹೀರಿಕೊಳ್ಳುತ್ತದೆ. ಕಬ್ಬಿಣ ಇನ್ನೊಂದು, ದಾಟಲು ಬಿಡುವುದಿಲ್ಲ. ಶೂ ರ್ಯಾಕ್ ಮೇಲಿಂದ ಬೆಡ್‌ರೂಮಿಗೆ ಒಂದು ಸರಳ ಗೆರೆ ಎಳೆದು ನೋಡಿ, ದಾರಿಯಲ್ಲಿ ಇವೆರಡೂ ಸಿಗುತ್ತಿದ್ದರೆ ಅಂಗಡಿಯವರು ತೋರಿಸಿದ ದುಬಾರಿ ರೂಟರ್ ತಂದರೂ ಫಲ ಅಷ್ಟಕ್ಕಷ್ಟೆ. ಹಾಲ್ ಮತ್ತು ಪ್ಯಾಸೇಜ್ ಸೇರುವಲ್ಲಿ, ಆಳೆತ್ತರದಲ್ಲಿ, ಟಿವಿಯ ಹಿಂದೆ ಅಲ್ಲದೆ ತೆರೆದ ಜಾಗದಲ್ಲಿ ರೂಟರ್ ಇಡಿ. ಅಡುಗೆಮನೆಯಲ್ಲಿ ಮೈಕ್ರೋವೇವ್ ಇದ್ದರೆ ಅದನ್ನೂ ಗಮನಿಸಿ. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ಊಟ ಬಿಸಿ ಮಾಡುವ ಹೊತ್ತಿಗೇ ಕಾಲ್ ಕಡಿಯುತ್ತಿದ್ದರೆ 2.4ರಲ್ಲಿ ಇರುವ ಲ್ಯಾಪ್‌ಟಾಪಿಗೆ ಕಾರಣ ಅಲ್ಲೇ ಸಿಕ್ಕಿತು.

ಒಂದೇ ಒಂದು ಎಚ್ಚರಿಕೆ: ರೂಟರ್ ಸರಿಸುವಾಗ ಫೈಬರನ್ನು ಎಳೆಯಬೇಡಿ. ಕಲ್ಯಾಣದ ಒಂದು ಮನೆಯಲ್ಲಿ ನಿಮ್ಮ ಹಾಗೆಯೇ ಶೂ ರ್ಯಾಕ್ ಇತ್ತು. ಆ ತೆಳು ಹಳದಿ ವೈರ್ ರ್ಯಾಕಿನ ಬಾಗಿಲ ಸಂದಿನಲ್ಲಿ ಹಾದುಹೋಗಿ, ಬಾಗಿಲು ಹಾಕಿದಾಗಲೆಲ್ಲ ಮೂಲೆಗೆ ಒತ್ತಿ ಮಡಚಿಕೊಳ್ಳುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬಿಳಿ ಗೀರು ಬಿದ್ದಿತ್ತು ಅಷ್ಟೆ, ವೈರ್ ತುಂಡಾಗಿರಲಿಲ್ಲ. ಪವರ್ ಮೀಟರ್ ಹಿಡಿದರೆ -29 ಡಿಬಿಎಂ (ಬೆಳಕಿನ ಬಲದ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ಬೆಳಕು ಕಡಿಮೆ). ಬಾಗಿಲು ತೆರೆದು ವೈರನ್ನು ದೊಡ್ಡ ಸುತ್ತಿನಲ್ಲಿ ಸಡಿಲ ಬಿಟ್ಟ ಕೂಡಲೇ -22. ಫೈಬರಿನೊಳಗೆ ಓಡುವುದು ಬೆಳಕು, ಚೂಪಾಗಿ ಮಡಚಿದ ಕಡೆ ಅದು ಪಕ್ಕಕ್ಕೆ ಸೋರಿಹೋಗುತ್ತದೆ. ಮನೆಗಳಿಗೆ ಬರುವ ಜಿಪಾನ್ ಎಂಬ ಬಗೆಯ ಫೈಬರ್ ಲೈನಿನಲ್ಲಿ ಸಾಮಾನ್ಯವಾಗಿ -27ರ ತನಕ ಫೈಬರ್ ಬಂದು ಸೇರುವ ಬಾಕ್ಸ್ ತಾಳಿಕೊಳ್ಳುತ್ತದೆ, ಅದಕ್ಕಿಂತ ಕೆಳಗಿಳಿದರೆ ಒಮ್ಮೆ ಹಿಡಿದು ಒಮ್ಮೆ ಬಿಡುವ ಆಟ ಶುರು. ಕೇಬಲ್ ಹುಡುಗ ಬಂದಾಗ ‘ಭಾವೂ, ಪವರ್ ಕಿತನಾ ಆ ರಹಾ ಹೈ?’ (ಅಣ್ಣಾ, ಪವರ್ ಎಷ್ಟು ಬರುತ್ತಿದೆ?) ಎಂದು ಕೇಳಿ, ಅಂಕಿ ನೋಡಿ ಬರೆದಿಟ್ಟುಕೊಳ್ಳಿ. -20 ಇದ್ದರೆ ನಿಶ್ಚಿಂತೆ, -26 ಇದ್ದರೆ ಜಾಯಿಂಟ್ ಬಾಕ್ಸ್ ನೋಡಿಸಿ. ಮಳೆಗಾಲದಲ್ಲಿ ಡಕ್ಟಿನ ಬಾಕ್ಸಿಗೆ ನೀರು ಹೋಗುವುದು ಇಲ್ಲಿ ಮಾಮೂಲು. ಮೀಟರ್ ಇಲ್ಲದೆಯೂ ಬಾಕ್ಸಿನ ದೀಪ ನೋಡಿ ತಿಳಿಯಬಹುದು: ‘ಪಾನ್’ ಹಸಿರಾಗಿ ನಿಂತಿರಬೇಕು, ‘ಎಲ್‌ಒಎಸ್’ ಕೆಂಪಾಗಿ ಮಿನುಗಿದರೆ ಬೆಳಕು ತಲುಪುತ್ತಿಲ್ಲ ಎಂದರ್ಥ, ಆಗ ಮನೆಯಲ್ಲಿ ಏನು ಮಾಡಿದರೂ ಬರದು. ಮತ್ತೆ, ಹಸಿರು ತುದಿಯ ಆ ಕನೆಕ್ಟರ್ ಬಿಚ್ಚಿ ಒಳಗೆ ಕಣ್ಣಿಟ್ಟು ನೋಡಬೇಡಿ, ಮಕ್ಕಳಿದ್ದರೆ ಅವರ ಕೈಗೆ ಸಿಗದಂತೆ ಇಡಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಪಿಂಗ್‌ನಲ್ಲಿ ರೂಟರ್ ಚೆನ್ನಾಗಿದ್ದು ಹೊರಗಿನದು ಮಾತ್ರ ಕೆಟ್ಟರೆ, ಕೇಬಲ್‌ನವರಿಗೆ ಫೋನ್ ಮಾಡುವ ಮೊದಲು ಮನೆಯ ಫೋನುಗಳನ್ನು ನೋಡಿ. ರಾತ್ರಿ ಚಾರ್ಜಿಗೆ ಹಾಕಿದ ಫೋನು ದಿನದ ಫೋಟೊ, ವಿಡಿಯೊಗಳನ್ನು ಬ್ಯಾಕಪ್ ಮಾಡಲು ಶುರುವಿಟ್ಟರೆ ಅಪ್‌ಲೋಡ್ ದಾರಿ ಪೂರ್ತಿ ತುಂಬಿ, ಕಾಲ್‌ನ ಪ್ಯಾಕೆಟ್‌ಗಳು ಅದರ ಹಿಂದೆ ಸಾಲು ನಿಲ್ಲಬೇಕಾಗುತ್ತದೆ. ಎಲ್ಲ ಬ್ಯಾಕಪ್ ನಿಲ್ಲಿಸಿ, ಕ್ಲೌಡಿಗೆ ಹೋಗುವ ಕ್ಯಾಮೆರಾ ಇದ್ದರೆ ಅದನ್ನೂ ತೆಗೆದು ನೋಡಿ. 8.8.8.8 ಕೂಡಲೇ 10ರ ಆಸುಪಾಸಿಗೆ ಇಳಿದರೆ ಬ್ಯಾಕಪ್ ಹೊತ್ತು ಬದಲಿಸಿದರೆ ಸಾಕು. ಇಳಿಯದಿದ್ದರೆ, ಲ್ಯಾನ್ ಕೇಬಲ್‌ನಲ್ಲೂ ರಾತ್ರಿ ಮಾತ್ರ ಹೀಗೆ ಆಗುತ್ತಿದ್ದರೆ, ನಿಮ್ಮ ಏರಿಯಾದಲ್ಲಿ ಅವರು ತಂದಿರುವ ಸಾಮರ್ಥ್ಯಕ್ಕಿಂತ ಗಿರಾಕಿಗಳು ಜಾಸ್ತಿ ಇರುವ ಸಾಧ್ಯತೆ ದೊಡ್ಡದು. ಆಗ ಎರಡೂ ಕಿಟಕಿ ಮತ್ತು ಗಡಿಯಾರ ಒಟ್ಟಿಗೆ ಕಾಣುವ ಸ್ಕ್ರೀನ್‌ಶಾಟ್ ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಂಡು ದೂರು ಕೊಡಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ. ಅಲ್ಲಿ ಪರಿಹಾರ ಸಿಗದಿದ್ದರೆ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಕಂಪನಿಯ ಅಪೆಲೇಟ್ ಅಥಾರಿಟಿಗೆ (ಮೇಲ್ಮನವಿ ಕೇಳುವವರಿಗೆ) ಮೇಲ್ಮನವಿ ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ.

ಪಕ್ಕದ ಮನೆಯವರ ಅನುಮಾನಕ್ಕೆ ಜಗಳ ಬೇಡ. ರೂಟರಿನ ಪುಟದಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿ ಸಿಗುತ್ತದೆ, ನಿಮ್ಮದಲ್ಲದ್ದು ಕಂಡರೆ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಟೈಪ್ ಮಾಡದೆ ಸಾಧನ ಸೇರಿಸುವ ಸೌಲಭ್ಯ) ಬಂದ್ ಮಾಡಿ. ರೂಟರಿನ ಒಳಗೆ ಹೋಗುವ ‘ಅಡ್ಮಿನ್’ ಪಾಸ್‌ವರ್ಡೂ ಬದಲಾಗಲಿ, ಬಹಳ ಮನೆಗಳಲ್ಲಿ ಅದು ಕಂಪನಿ ಕೊಟ್ಟದ್ದೇ ಉಳಿದಿರುತ್ತದೆ. ರೂಟರಿನ ದೀಪಗಳೆಲ್ಲ ತಾವಾಗಿ ಆರಿ ಮತ್ತೆ ಹತ್ತುತ್ತಿದ್ದರೆ ಮಾತ್ರ ಅಡಾಪ್ಟರ್ ನೋಡಿ. ರೂಟರಿನ ಸ್ಟಿಕ್ಕರ್ ಮೇಲಿರುವ ವೋಲ್ಟ್ ಅಡಾಪ್ಟರಿಗೆ ಸರಿಹೊಂದಬೇಕು, ಅಡಾಪ್ಟರಿನ ಆಂಪಿಯರ್ ಅಷ್ಟೇ ಇರಬೇಕು ಅಥವಾ ಜಾಸ್ತಿ ಇರಬೇಕು.

ಇಷ್ಟಾದ ಮೇಲೂ ಬೆಡ್‌ರೂಮಿಗೆ ಸಿಗ್ನಲ್ ಹೋಗದಿದ್ದರೆ ಎಕ್ಸ್‌ಟೆಂಡರ್ (ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ತರಬೇಡಿ. ಅಗ್ಗದ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಳ್ಳಲೂ ಬೇಕು, ಹೇಳಲೂ ಬೇಕು, ಸ್ಪೀಡ್ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಬದಲಿಗೆ ಗೋಡೆಯ ಬುಡದಲ್ಲಿ ಪಟ್ಟಿ ಹೊಡೆದು ಒಂದು ಕ್ಯಾಟ್-6 ಲ್ಯಾನ್ ಕೇಬಲ್ ಬೆಡ್‌ರೂಮಿಗೆ ಎಳೆಸಿ. ಲ್ಯಾಪ್‌ಟಾಪಿಗೆ ನೇರ ಅದನ್ನೇ ಚುಚ್ಚಿದರೆ ವೈಫೈ ಚಿಂತೆಯೇ ಇಲ್ಲ. ಮನೆಯಲ್ಲಿ ಹಳೆಯ ರೂಟರ್ ಬಿದ್ದಿದ್ದರೆ ಅದನ್ನು ಅಲ್ಲಿ ಆ್ಯಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದದ್ದನ್ನು ವೈಫೈಯಾಗಿ ಹಂಚುವ ಪೆಟ್ಟಿಗೆ) ಮಾಡಬಹುದು: ಅದರ ವಿಳಾಸ 192.168.1.2 ಎಂದು ಬದಲಿಸಿ (ನಿಮ್ಮ ಮುಖ್ಯ ರೂಟರ್ 192.168.0.1 ಆದರೆ 192.168.0.2), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಕೇಬಲನ್ನು ‘ವ್ಯಾನ್’ ತೂತಿಗೆ ಅಲ್ಲ, ‘ಲ್ಯಾನ್’ ತೂತಿಗೆ ಹಾಕಿ. ಡಿಎಚ್‌ಸಿಪಿ ಎರಡರಲ್ಲೂ ಉಳಿದರೆ ವಿಳಾಸ ಹಂಚುವುದು ಎರಡೂ ರೂಟರ್, ಆಗ ಹೊಸ ತಲೆನೋವು.

ಮೊದಲು ಪಿಂಗ್ ನೋಡಿ. ಹಾಲ್‌ನಿಂದ ಒಂದು, ಬೆಡ್‌ರೂಮಿನಿಂದ ಒಂದು, ಲ್ಯಾನ್ ಕೇಬಲ್‌ನಿಂದ ಒಂದು. ರೂಟರ್ ಮಾಡೆಲ್ ಮತ್ತು ರಾತ್ರಿ ಎಂಟರ ಚಾನೆಲ್ ಪಟ್ಟಿಯ ಚಿತ್ರವನ್ನೂ ಸೇರಿಸಿ ಇಲ್ಲೇ ಕೆಳಗೆ ಹಾಕಿ. ಯಾವ ಚಾನೆಲ್, ಯಾವ ಗೋಡೆ ಎಂದು ಆಗ ನಿಖರವಾಗಿ ಹೇಳುತ್ತೇನೆ.