ಗ್ಯಾಸ್ ಡಿಟೆಕ್ಟರ್ ಸೊನ್ನೆ ತೋರಿಸುತ್ತಿದೆ, ಆದರೂ ದಿನಾ ಯಾಕೆ ಟೆಸ್ಟ್ ಮಾಡಬೇಕು?

ಯಾಕಂದ್ರೆ ಸೆನ್ಸರ್ ಕೆಟ್ಟಿದ್ದರೂ ಸೊನ್ನೆಯೇ ಬರಬಹುದು. ಗಾಳಿ ಶುದ್ಧವಾಗಿದ್ದರೂ ಸೊನ್ನೆ, ವಿಷಾನಿಲ ಇದ್ದು ಸೆನ್ಸರ್‌ಗೆ ಅದು ಗೊತ್ತಾಗದಿದ್ದರೂ ಸೊನ್ನೆ.

ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅಳೆಯುವ ಹೆಚ್ಚಿನ ಪೋರ್ಟಬಲ್ ಡಿಟೆಕ್ಟರ್‌ಗಳಲ್ಲಿ ಇರುವುದು ಎಲೆಕ್ಟ್ರೋಕೆಮಿಕಲ್ ಸೆನ್ಸರ್. ಅನಿಲ ಒಳಗೆ ಹೋಗಿ ರಾಸಾಯನಿಕ ಕ್ರಿಯೆ ನಡೆದಾಗ ಸಣ್ಣ ಕರೆಂಟ್ ಹುಟ್ಟುತ್ತದೆ, ಪರದೆ ಮೇಲೆ ಅಂಕಿಯಾಗಿ ಕಾಣುವುದು ಅದೇ. ಒಳಗಿನ ದ್ರವ ಒಣಗಿದ್ದರೆ, ಅಥವಾ ಫಿಲ್ಟರ್‌ಗೆ ಧೂಳು, ನೀರು ಕಟ್ಟಿಕೊಂಡಿದ್ದರೆ ಕರೆಂಟ್ ಹುಟ್ಟಲ್ಲ. ಆನ್ ಮಾಡಿದಾಗ ಬರುವ ಬೀಪ್ ಇದನ್ನು ಹೇಳಲ್ಲ.

ಅದಕ್ಕೇ ಬಂಪ್ ಟೆಸ್ಟ್. ಪ್ರಮಾಣ ಗೊತ್ತಿರುವ ಅನಿಲವನ್ನು ಸಿಲಿಂಡರ್‌ನಿಂದ ಸ್ವಲ್ಪ ಹೊತ್ತು ಕೊಟ್ಟು ಅಲಾರಂ ಹೊಡೆಯುತ್ತದಾ ನೋಡುವುದು. ಕೆಲಸಕ್ಕೆ ಹೋಗುವ ಮುಂಚೆ ಪ್ರತಿ ದಿನ ಮಾಡಿ, ಡಿಟೆಕ್ಟರ್ ಕೆಳಗೆ ಬಿದ್ದರೆ ಮತ್ತೆ ಮಾಡಿ. ಫೇಲ್ ಆದರೆ ಕ್ಯಾಲಿಬ್ರೇಷನ್, ಅಂದರೆ ಅಂಕಿಯನ್ನು ಆ ಗೊತ್ತಿರುವ ಪ್ರಮಾಣಕ್ಕೆ ಸರಿಹೊಂದಿಸುವುದು. ಅದೂ ಆಗದಿದ್ದರೆ ಸೆನ್ಸರ್ ಬದಲಿಸಲೇಬೇಕು, ದಯವಿಟ್ಟು ಅದೇ ಡಿಟೆಕ್ಟರ್ ಹಿಡಿದು ಮ್ಯಾನ್‌ಹೋಲ್, ಟ್ಯಾಂಕ್‌ನಂಥ ಜಾಗಕ್ಕೆ ಇಳಿಯಬೇಡಿ. ಸೊನ್ನೆಗೆ ಹೊಂದಿಸುವುದನ್ನು ಮಾತ್ರ ಶುದ್ಧ ಗಾಳಿಯಲ್ಲೇ ಮಾಡಿ, ಇಲ್ಲದಿದ್ದರೆ ಅಲ್ಲಿರುವ ವಿಷವೇ ಸೊನ್ನೆ ಎಂದು ದಾಖಲಾಗುತ್ತದೆ.

ಡಿಟೆಕ್ಟರ್ ಒರೆಸಲು ಒದ್ದೆ ಬಟ್ಟೆ ಸಾಕು. ಸ್ಪಿರಿಟ್, ಸಿಲಿಕೋನ್ ಸ್ಪ್ರೇ ಹತ್ತಿರಕ್ಕೂ ತರಬೇಡಿ.

ಮೂಗನ್ನು ನಂಬಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ದಾಟಿದರೆ ಮೂಗೇ ಮರಗಟ್ಟುತ್ತದೆ.